ಹಗಲುಗತೆಯ ಸೀಸೆ

ತನ್ನ ದನಿ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ. ಸಿದೊನಿ ಇದನ್ನು ತನಗೆ ಮಾತ್ರ ಹೇಳಿಕೊಂಡಿದ್ದಳು, ಅದೂ ಕನ್ನಡಿಯ ಮುಂದೆ, ತುಟಿ ಅಲುಗಿಸದೆ. ಫ್ರಾನ್ಸಿನಲ್ಲಿ ಓದಿ ತನ್ನ ಕೆರಿಬಿಯನ್ ದ್ವೀಪ ಮಾರ್ಟಿನೀಕ್‌ಗೆ ಮರಳಿದವಳಿಗೆ ಹಳೆಯ ಗವರ್ನರ್ ಬಂಗಲೆಯಲ್ಲಿ ಕೆಲಸ ಸಿಕ್ಕಿತ್ತು. ನೋಡಲು ಬಂದವರಿಗೆ ಗವರ್ನರ್ ಕೆರ್ವಾದೆಕ್‌ನ ಬದುಕನ್ನು ವಿವರಿಸುವ ಕೆಲಸ.

ಗೇಟಿನ ಬಳಿ ಚಿಕ್ಕಮ್ಮ ಯೂರ್ಸುಲ್ ಮೀನಿನ ಬೋಂಡ ಕರಿಯುತ್ತಿದ್ದಳು.

"ಒಳಗೆ ಏನ್ ಹೇಳ್ತೀಯೇ?"

"ಹುಡುಗ ಆಗಿದ್ದಾಗ್ಲೇ ಹಡಗು ಹತ್ತಿದ್ದು, ಕ್ಯಾಪ್ಟನ್ ಆಗಿದ್ದು, ಗವರ್ನರ್ ಆಗಿದ್ದು. ತನ್ನ ನಾವಿಕರ ಕೈಲೇ ಬಂದರಿಗೆ ರಸ್ತೆ ಮಾಡಿಸಿದ್ದು."

ಎಣ್ಣೆಯ ಮೇಲೆ ಸೌಟು ನಿಂತಿತು. "ನಾವಿಕರಾ? ನಿಮ್ಮಜ್ಜಿ ಹಾಗೆ ಹೇಳಿದ್ಲಾ?"

ಸಿದೊನಿ ಚಪ್ಪಲಿಯ ತುದಿ ನೋಡಿದಳು.

"ನಿಜ ಆದ್ರೆ ಯಾವಾಗ ಬೇಕಾದ್ರೂ ಹೇಳು ಮಗಳೇ. ಕಟ್ಟುಕತೆ ಮಾತ್ರ ಕತ್ತಲಾದ್ಮೇಲೆ. ಹಗಲಲ್ಲಿ ಹೇಳಿದೋರು ಸೀಸೆ ಆಗ್ತಾರೆ. ಅದ್ರಲ್ಲೂ ಆ ಮನೇಲಿ. ರಸ್ತೆ ಕಡಿದೋರು ಮಾಟದ ಸೀಸೆ ಹೂತಿರೋದು ಆ ಹೊಸಿಲ ಕೆಳಗೇನೇ."

"ಆದ್ರೆ ಆಗ್ಲಿ ಬಿಡು. ರಮ್ ತುಂಬ್ಸಿ ಮಾರ್ಕೊ."

ಚಿಕ್ಕಮ್ಮ ನಗಲಿಲ್ಲ.

ಆ ದಿನದ ಗುಂಪಿನಲ್ಲಿ ಕ್ಲೊತಿಲ್ದ್ ಇದ್ದಳು, ಫ್ರಾನ್ಸಿನ ಬೋರ್ದೋ ಊರಿನ ಹಾಸ್ಟೆಲಿನ ಗೆಳತಿ. ನಿಮ್ಮ ಹಿರಿಯರು ಯಾರು ಎಂದು ಅಲ್ಲಿ ಅವಳು ಕೇಳಿದಾಗ ಸಿದೊನಿ, ಬಂದರಿನ ರಸ್ತೆ ಮಾಡಿದ, ಕೆರ್ವಾದೆಕ್‌ನ ಹಡಗಿನ ನಾವಿಕರು ಎಂದುಬಿಟ್ಟಿದ್ದಳು. ಈಗ ಕ್ಲೊತಿಲ್ದ್ ಹಿಂದಿನ ಸಾಲಿನಿಂದ ಕೈಬೀಸಿದಳು. "ನಿನ್ನವರ ರಸ್ತೆ ಕತೇನೂ ಹೇಳೇ."

ಬಿಸಿಲಿಗೆ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಕೋಣೆಯೊಳಗೆ ಮಬ್ಬು, ಮೇಣದ, ಬೂಷ್ಟಿನ, ಹುಳಿತ ಕಬ್ಬಿನ ಹಾಲಿನ ವಾಸನೆ. ಚಿತ್ರದೊಳಗಿನ ಕೆರ್ವಾದೆಕ್‌ನ ಗುಂಡಿಗಳು ಮಾತ್ರ ಹೊಳೆಯುತ್ತಿದ್ದವು. ಸಿದೊನಿ ಶುರುಮಾಡಿದಳು. ಹಡಗು, ಯುದ್ಧ, ಪದಕ. ಆಮೇಲೆ ರಸ್ತೆ. "ತನ್ನ ನಾವಿಕರ ಕೈಯಿಂದಲೇ..."

ಮಾತಿನ ಬೆನ್ನಿಗೆ ಒಂದು ಊಳು ಬಂತು. ಖಾಲಿ ಸೀಸೆಯ ಬಾಯಿಗೆ ಗಾಳಿ ಊದಿದಂತೆ. ಅದು ತನ್ನ ಗಂಟಲಿನಿಂದಲೇ ಬಂದದ್ದು.

ಯಾರೋ ಕೆಮ್ಮಿದರು. ಅವಳು ಇನ್ನೊಮ್ಮೆ ಹೇಳಿದಳು. "ನಾವಿಕರು..." ಮತ್ತೆ ಊಳು. ಚಿತ್ರದ ಮುಂದಿನ ಕಟಕಟೆ ಹಿಡಿದ ಬೆರಳುಗಳು ಕಿಣಿ ಎಂದವು. ಚರ್ಮ ಹಸಿರಾಗಿತ್ತು. ತಣ್ಣಗಿತ್ತು. ಅಂಗೈಯ ಮೂಲಕ ನೆಲದ ಹಾಸುಗಲ್ಲು ಕಾಣುತ್ತಿತ್ತು.

ಬಾಗಿಲಿನ ಕಡೆ ಓಡಬೇಕು. ಕಾಲು ಏಳಲಿಲ್ಲ. ಕೈ ಕಂಬಕ್ಕೆ ತಾಗಿತು. ಕಿರುಬೆರಳು ಮುರಿದು ಬಿತ್ತು. ರಕ್ತವಿಲ್ಲ. ನೋವಿಲ್ಲ. ಚೂರು ಮಾತ್ರ ಉರುಳುತ್ತ ಹೋಗಿ ಹೊಸಿಲಿಗೆ ತಾಗಿ ನಿಂತಿತು. ಹೊಸಿಲಿನ ಅಡಿಯಿಂದ ಸಪ್ಪಳ ಕೇಳಿತು. ಕಬ್ಬಿಣ ಎಳೆದ ಸಪ್ಪಳ. ಹತ್ತಾರು ಕಾಲುಗಳ ಸಪ್ಪಳ.

ಚಳಿ ಎದೆಗೇರಿತು. ಉಸಿರು ಒಳಗೇ ಸುತ್ತಿತು. ಕುತ್ತಿಗೆ ಕಿರಿದಾಗುತ್ತಿತ್ತು.

"ಸಿದೊನೀ," ಊಳು ಕೇಳಿ ಬಂದ ಚಿಕ್ಕಮ್ಮ ಹೊಸಿಲಿನಾಚೆ ಸೌಟು ಹಿಡಿದು ನಿಂತಿದ್ದಳು. ಕಾಲು ಒಳಗಿಡಲಿಲ್ಲ. "ನಿಮ್ಮಜ್ಜಿ ಹೇಳಿದ್ದು ಹೇಳೇ."

ಕ್ಲೊತಿಲ್ದ್ ನೋಡುತ್ತಿದ್ದಳು. ಆ ನೋಟಕ್ಕಿಂತ ಗಾಜಾಗುವುದೇ ಸುಲಭ ಎಂದು ಸಿದೊನಿಗೆ ಒಂದು ಗಳಿಗೆ ಅನ್ನಿಸಿತು. ಗಾಜು ಗಲ್ಲ ಮುಟ್ಟಿತು. ಅವಳು ಬಾಯಿ ತೆರೆದಳು. ದನಿ ಹಿಂದಿನ ಸಾಲಿಗೂ ಮುಟ್ಟಿತು.

"ಆ ರಸ್ತೆ ಕಡಿದ ಗುಲಾಮ್ರ ಕಾಲಲ್ಲಿ ಸರಪಳಿ ಇತ್ತು. ಅವ್ರಲ್ಲಿ ಒಬ್ಳು ನಮ್ಮಜ್ಜಿಯ ಮುತ್ತಜ್ಜಿ."