ಲೇತಿಗೆ ಹೋಗದ ಗುಂಡುಗಳು

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ದೂರುದಾರ, ಕುರ್ಚಿ ತೋರಿಸುವ ಮೊದಲೇ ಕೂತ. ಹಿತ್ತಾಳೆ ವಾದ್ಯಗಳ ರಿಪೇರಿ ಅಂಗಡಿಯವನು. 'ಮಾಸ್ಟರ್' ಎಂಬುದು ಬೋರ್ಡಿನ ಮೇಲೆ ಅವನೇ ಬರೆಸಿಕೊಂಡ ಬಿರುದು. ಬೇರೆ ಯಾರೂ ಕೊಡುವ ಲಕ್ಷಣ ಕಾಣದಿದ್ದಾಗ ಮನುಷ್ಯ ಇನ್ನೇನು ಮಾಡಿಯಾನು?

"ಏನು ಹೋಗಿದೆ?" ಇನ್ಸ್‌ಪೆಕ್ಟರ್ ಕೇಳಿದರು.

"ಸಾಮಾನು ಮೇಡಂ. ಉಕ್ಕಿನ ಗುಂಡು, ಸರಳು, ಮರದ ಸುತ್ತಿಗೆ, ಎಲ್ಲಾ."

"ವಾದ್ಯಗಳು?"

"ಒಂದನ್ನೂ ಮುಟ್ಟಿಲ್ಲ. ಗಲ್ಲಾನೂ ಹಾಗೇ ಇದೆ. ಕಳ್ಳ ಶುದ್ಧ ದಡ್ಡ."

ಹೆಡ್ ಕಾನ್‌ಸ್ಟೆಬಲ್ ನಕ್ಕ. ಇನ್ಸ್‌ಪೆಕ್ಟರ್ ನಗಲಿಲ್ಲ. ದಡ್ಡ ಕಳ್ಳರನ್ನು ಅವರು ಬೇಕಾದಷ್ಟು ನೋಡಿದ್ದರು. ಗಲ್ಲಾ ಬಿಟ್ಟು ಹೋಗುವಷ್ಟು ದಡ್ಡರನ್ನು ನೋಡಿರಲಿಲ್ಲ.

"ಈ ಗುಂಡು ಯಾತಕ್ಕೆ?"

"ವಾದ್ಯ ಬಿದ್ದು ಕೊಳವೆ ತಗ್ಗಾಗುತ್ತಲ್ಲ, ಒಳಗೆ ಗುಂಡು ತೂರಿಸಿ ಮೇಲಿಂದ ತಟ್ಟಿದ್ರೆ ತಗ್ಗು ಏಳುತ್ತೆ. ಒಂದೊಂದು ಕೊಳವೆಗೆ ಒಂದೊಂದು ಅಳತೆ. ತೀರಿಹೋದ ನಮ್ಮಣ್ಣ ಅರದಲ್ಲಿ ಉಜ್ಜಿ ಉಜ್ಜಿ ಮಾಡಿದ್ದು. ಜೀವಮಾನ ಪೂರ್ತಿ ಅದೇ ಕಸುಬು, ಪಾಪ."

"ಪೇಟೆಯಲ್ಲಿ ಸಿಗಲ್ವಾ?"

"ಬೇರೆ ಥರದ್ದು ಸಿಗುತ್ತೆ. ಇವು ಹಳೇ ವಾದ್ಯಗಳ ಅಳತೆಯವು. ಇವತ್ತೇ ಲೇತಿಗೆ ಕೊಟ್ಟು, ಈಗಿನ ವಾದ್ಯಗಳಿಗೆ ಆಗೋ ಹಾಗೆ ಎಲ್ಲಾನೂ ಕಡೆಸಿ ಸಣ್ಣ ಮಾಡಿಸೋಣ ಅಂತಿದ್ದೆ. ಅಷ್ಟರಲ್ಲಿ ಹೀಗಾಯ್ತು."

ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಇನ್ಸ್‌ಪೆಕ್ಟರ್, ಹೆಡ್ ಕಾನ್‌ಸ್ಟೆಬಲ್ ಮತ್ತು ಮಹಿಳಾ ಕಾನ್‌ಸ್ಟೆಬಲ್ ಅಂಗಡಿಗೆ ಹೋದರು. ಪಕ್ಕದ ಟೈಲರನನ್ನೂ ಎದುರಿನ ಬೀಗದವನನ್ನೂ ಪಂಚರಾಗಿ ಕರೆಯಲಾಯಿತು. ಬೀಗದವನು ಮುಂಬಾಗಿಲನ್ನು ನೋಡಿ, "ಇದನ್ನ ಯಾರೂ ಮುಟ್ಟಿಲ್ಲ" ಎಂದು ಸ್ವಲ್ಪ ನಿರಾಸೆಯಿಂದಲೇ ಹೇಳಿದ. ಹಿಂಬಾಗಿಲ ಹಲಗೆಯ ಸಂದಿನಲ್ಲಿ ತೆಳುವಾದ ತಗಡು ತೂರಿಸಿದರೆ ಒಳಗಿನ ಅಗುಳಿ ಮೇಲೇಳುತ್ತಿತ್ತು. ಆ ಬಾಗಿಲಿನ ಮರ್ಮ ಗೊತ್ತಿದ್ದವರ ಕೆಲಸ.

ಗೋಡೆಯ ಮೊಳೆಗಳು ಬರಿದಾಗಿದ್ದವು. ಕೆಲಸದ ಮೇಜಿನ ಮೇಲೆ, ಮಡಿಸಿದ ಬಟ್ಟೆಯ ಮೇಲೆ, ಒಂದು ಟ್ರಂಪೆಟ್ ಮಲಗಿತ್ತು. 'ಟ್ರಂಪೆಟ್ ಒಂದು, ಸುಸ್ಥಿತಿಯಲ್ಲಿ' ಎಂದು ಹೆಡ್ ಕಾನ್‌ಸ್ಟೆಬಲ್ ಪಂಚನಾಮೆಯಲ್ಲಿ ಬರೆಯುತ್ತಿದ್ದಂತೆ ಅದರ ಒಡೆಯ, ಮದುವೆ ಬ್ಯಾಂಡಿನವನು, ಜಗಳಕ್ಕೆ ತೋಳೇರಿಸಿಕೊಂಡೇ ಒಳಗೆ ಬಂದ. ವಾದ್ಯ ಕಂಡವನೇ ತಣ್ಣಗಾದ.

"ಅರೆ! ನಿನ್ನೆ ಇದರ ಬಾಗು ಜಜ್ಜಿದ ತಂಬಿಗೆ ಹಾಗಿತ್ತಲ್ರೀ!"

ಮಾಸ್ಟರ್ ವಾದ್ಯವನ್ನು ಒಮ್ಮೆ ನೋಡಿದ, ಎದೆ ಉಬ್ಬಿಸಿದ. "ನನ್ನ ಕೈ ಅಂದ್ರೆ ಏನಂದ್ಕೊಂಡೆ? ಸುಮ್ಮನೆ ಬಾಯಿಗೆ ಬಂದ ಹಾಗೆ ಬೈದು ಹೋದೆ."

ಇನ್ಸ್‌ಪೆಕ್ಟರ್ ಬಾಗಿನ ಮೇಲೆ ಬೆರಳಾಡಿಸಿದರು. ಎಲ್ಲೂ ಏರಿಲ್ಲ, ತಗ್ಗಿಲ್ಲ.

"ಯಾವಾಗ ಸರಿ ಮಾಡಿದ್ರಿ?"

"ನಿನ್ನೆ... ಇವರು ಹೋದ್ಮೇಲೆ."

"ಏ, ಸುಳ್ಳು!" ಟೈಲರ್ ಬಾಯಿ ಹಾಕಿದ. "ಇಬ್ಬರೂ ಬೈದಾಡ್ಕೊಂಡು ಒಟ್ಟಿಗೇ ಹೊರಟ್ರಲ್ಲಪ್ಪಾ. ನೀನು ಬೀಗ ಹಾಕಿದ್ದು ನಾನೇ ನೋಡಿದೀನಿ."

"ಹಾಂ, ಹಾಗಾದ್ರೆ ಇವತ್ತು ಬೆಳಿಗ್ಗೆ."

"ಸಾಮಾನು ಕಳುವಾದ ಮೇಲೆ," ಎಂದರು ಇನ್ಸ್‌ಪೆಕ್ಟರ್. "ಯಾವುದರಿಂದ? ಹಲ್ಲಿಂದಾನಾ?"

ತಾನು ಮಾಡದ ಕೆಲಸದ ಹೊಗಳಿಕೆಗಾಗಿ ಕಳ್ಳನ ಗುರುತನ್ನೇ ಮುಚ್ಚಿಹಾಕಲು ಹೊರಟಿದ್ದ ಮಹಾನುಭಾವ!

ಬ್ಯಾಂಡಿನವನು ವಾದ್ಯವನ್ನು ಬೆಳಕಿಗೆ ಹಿಡಿದ. "ಮೇಡಂ, ಇದು ಇವರಣ್ಣನ ಕೈ. ಆದ್ರೆ ಅವರು ಹೋಗಿ ಎರಡು ವರ್ಷ ಆಯ್ತು."

"ಅಂದ್ರೆ ದೆವ್ವ ಬಂದಿತ್ತಾ?" ಮಾಸ್ಟರ್ ಹಂಗಿಸಿದ.

"ದೆವ್ವದ ಮೇಲೆ ಎಫ್‌ಐಆರ್ ಹಾಕೋಕಾಗಲ್ಲ. ನಿಮ್ಮಣ್ಣನ ಜೊತೆ ಯಾರು ಕೂತು ಕೆಲಸ ಮಾಡ್ತಿದ್ರು?"

"ಯಾರೂ ಇಲ್ಲ. ಅತ್ತಿಗೆ ಪಕ್ಕದಲ್ಲಿ ಕೂತು ಅದು ಹಿಡಿ, ಇದು ಕೊಡು ಅಂದ್ರೆ ಕೊಡ್ತಿದ್ರು. ಹೆಂಗಸರಿಗೆ ಇದೆಲ್ಲ ಏನು ತಿಳಿಯುತ್ತೆ ಮೇಡಂ?"

ಇನ್ಸ್‌ಪೆಕ್ಟರ್ ಟೋಪಿ ಸರಿಪಡಿಸಿಕೊಂಡರು. "ಅತ್ತಿಗೆ ಮನೆ ಎಲ್ಲಿ?"

ಲಾಂಡ್ರಿಯ ಮೇಲಿನ ಒಂಟಿ ಕೋಣೆ. ಅತ್ತಿಗೆ ನೆಲದ ಮೇಲೆ ಕೂತು ಕ್ಯಾಂಟೀನಿನವರು ಕೊಟ್ಟಿದ್ದ ಒಂದು ಮೂಟೆ ಈರುಳ್ಳಿ ಸುಲಿಯುತ್ತಿದ್ದಳು. ತಲೆ ಎತ್ತಿದಳೇ ಹೊರತು ಏಳಲಿಲ್ಲ.

"ಬಂದ್ರಾ? ಅವನೇ ಬುದ್ಧಿ ಓಡಿಸಿ ಕಳಿಸಿದ್ನಾ, ನೀವೇ ಬಂದ್ರಾ?"

"ನಾವೇ."

"ಅದೇ ಅಂದ್ಕೊಂಡೆ. ಮಂಚದ ಕೆಳಗಿದೆ, ತಗೊಳ್ಳಿ. ದಡಬಡ ಅಂತ ಹಾಕ್ಬೇಡಿ, ಒಂದಕ್ಕೊಂದು ತಾಗಿದ್ರೆ ಕಚ್ಚು ಬೀಳುತ್ತೆ."

ಹಳೆಯ ಸೀರೆಯ ತುಂಡುಗಳಲ್ಲಿ ಪ್ರತಿಯೊಂದು ಗುಂಡನ್ನೂ ಬೇರೆ ಬೇರೆ ಸುತ್ತಿ, ಎಣ್ಣೆ ಹಚ್ಚಿ ಇಡಲಾಗಿತ್ತು. ಕೂಸನ್ನು ಕೂಡ ಕೆಲವರು ಅಷ್ಟು ಜತನವಾಗಿ ಸುತ್ತುವುದಿಲ್ಲ.

"ಟ್ರಂಪೆಟ್ ಯಾಕೆ ಮುಟ್ಟಿದ್ರಿ? ಮುಟ್ಟದಿದ್ರೆ ನಾನು ಇಲ್ಲಿಗೆ ಬರ್ತಿರಲಿಲ್ಲ."

"ಗೊತ್ತು." ಅವಳು ಇನ್ನೊಂದು ಈರುಳ್ಳಿ ಎತ್ತಿಕೊಂಡಳು. "ಚೀಲ ಹೆಗಲಿಗೇರಿಸಿ ಬಾಗಿಲ ತನಕ ಹೋಗಿದ್ದೆ. ತಿರುಗಿ ನೋಡಿದ್ದೇ ತಪ್ಪಾಯ್ತು. ಒಳ್ಳೇ ಕೊಳವೆ ಮೇಲೆ ಎಮ್ಮೆ ಕಾಲಿಟ್ಟ ಹಾಗೆ ತಟ್ಟಿಟ್ಟಿದ್ದ. ಹಾಗೇ ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ಲ."

"ಕದಿಯೋಕೆ ಹೋದವರು ಕೂತು ರಿಪೇರಿ ಮಾಡ್ತಾರಾ?"

"ರಿಪೇರಿ ಮಾಡೋಕೆ ಕೂತವನಿಗೆ ರಿಪೇರಿ ಬರಲ್ವಲ್ಲ. ಯಾರಾದ್ರೂ ಮಾಡ್ಬೇಕಲ್ಲ."

ಮಹಿಳಾ ಕಾನ್‌ಸ್ಟೆಬಲ್ ನಗು ತಡೆಯಲು ಕಿಟಕಿಯತ್ತ ತಿರುಗಿದಳು.

"ಸಾಮಾನು ಯಾರ ಹೆಸರಲ್ಲಿದೆ?"

"ಅವನದೇ. ಮಕ್ಕಳಿಲ್ಲದ ಹೆಂಗಸು ಅಂಗಡಿ ಇಟ್ಕೊಂಡು ಏನ್ಮಾಡ್ತೀಯ ಅಂತ ನೆಂಟರೆಲ್ಲ ಕೂತು ಹೇಳಿದ್ರು. ಸಹಿ ಹಾಕ್ದೆ. ಲೇತಿಗೆ ಹಾಕ್ತೀನಿ ಅಂದಾಗ ಬೇಡ ಕಣೋ ಅಂದೆ. 'ಅತ್ತಿಗೆ, ನೀವು ಟೀ ಮಾಡಿ' ಅಂದ. ಟೀನೂ ಮಾಡ್ದೆ."

ಜಪ್ತಿ ಪಂಚನಾಮೆ ಮುಗಿದಾಗ ಮಧ್ಯಾಹ್ನ ಮೂರೂಕಾಲು. ಬಂಧನದ ಸುದ್ದಿಯನ್ನು ಹತ್ತಿರದ ಸಂಬಂಧಿಕರಿಗೆ ತಿಳಿಸಬೇಕೆಂಬುದು ನಿಯಮ. ಹತ್ತಿರದ ಸಂಬಂಧಿಕ ದೂರುದಾರನೇ ಆಗಿದ್ದರಿಂದ ಆ ಕೆಲಸ ಒಂದೇ ಫೋನಿನಲ್ಲಿ ಮುಗಿಯಿತು.

ಅವನು ಠಾಣೆಗೆ ಓಡೋಡಿ ಬಂದ. ಬೆಂಚಿನ ಮೇಲಿದ್ದ ಅತ್ತಿಗೆಯತ್ತ ಕಣ್ಣೂ ಹಾಯಿಸದೆ, "ಸಾಮಾನು ಕೊಟ್ಬಿಡಿ ಮೇಡಂ. ಲೇತಿನವನು ಐದಕ್ಕೆ ಬಾಗಿಲು ಹಾಕ್ತಾನೆ" ಎಂದ.

"ಈಗ ಇದು ಕೇಸಿನ ಮುದ್ದೆಮಾಲು, ಸಾಕ್ಷಿ ಸಾಮಾನು. ಕೋರ್ಟಿಗೆ ಅರ್ಜಿ ಹಾಕ್ಕೊಂಡು ಬಿಡಿಸ್ಕೊಳ್ಳಿ. ಆದ್ರೆ ಕೇಸು ಮುಗಿಯೋ ತನಕ ಇದ್ದದ್ದು ಇದ್ದ ಹಾಗೇ ಇರ್ಬೇಕು. ಹಾಗಂತ ಬರ್ಕೊಡ್ಬೇಕಾಗುತ್ತೆ."

"ಕಡೆಸೋ ಹಾಗಿಲ್ವಾ?"

"ಒಂದು ಕೂದಲೆಳೆಯಷ್ಟು ಕಡೆಸಿದ್ರೂ ಆ ಬೆಂಚಿನ ಮೇಲೆ ನೀವು ಕೂತ್ಕೋಬೇಕಾಗುತ್ತೆ."

"ಹಾಗಾದ್ರೆ ದೂರು ವಾಪಸ್ ತಗೋತೀನಿ!"

"ತಗೊಳ್ಳೋಕೆ ಇದೇನು ರಿಪೇರಿಗೆ ಕೊಟ್ಟ ಚಪ್ಪಲಿನಾ? ಹೋಗ್ರಿ."

ಅವನು ಗೊಣಗುತ್ತ ಹೋದ ಮೇಲೆ ಅತ್ತಿಗೆ ಮೊದಲ ಬಾರಿಗೆ ಮೆಲ್ಲಗೆ ಕೇಳಿದಳು:

"ಕೇಸು ಎಷ್ಟು ವರ್ಷ ನಡೆಯುತ್ತೆ ಮೇಡಂ?"

"ಐದಾರು ವರ್ಷ ಆದ್ರೂ ಆಯ್ತು."

"ನಾನು ಕದ್ದಿದ್ದು ನಿಜ ಅಂತ ಕೋರ್ಟಲ್ಲಿ ಒಪ್ಕೊಂಡ್ರೆ?"

"ಬೇಗ ಮುಗಿಯುತ್ತೆ. ಆಮೇಲೆ ಸಾಮಾನನ್ನ ಅವನು ಏನು ಬೇಕಾದ್ರೂ ಮಾಡ್ಬಹುದು."

ಅತ್ತಿಗೆ ಸೆರಗು ಹೊದ್ದು ನೆಟ್ಟಗೆ ಕೂತಳು. "ಹಾಗಿದ್ರೆ ಬರ್ಕೊಳ್ಳಿ. ನಾನು ಏನೂ ಕದ್ದಿಲ್ಲ."

ಕೇಸ್ ಡೈರಿಯಲ್ಲಿ ಉದ್ದೇಶದ ಕಡೆ ಹೆಡ್ ಕಾನ್‌ಸ್ಟೆಬಲ್ 'ದುರಾಸೆ' ಎಂದು ಬರೆದಿದ್ದ. ಇನ್ಸ್‌ಪೆಕ್ಟರ್ ಅದನ್ನು ಹೊಡೆದುಹಾಕಿದರು. ಮಾರುವ ಆಸೆ ಆಕೆಗಿರಲಿಲ್ಲ, ಅಂಗಡಿ ಇಡುವ ಆಸೆಯೂ ಇರಲಿಲ್ಲ. ಗಂಡ ಯಾವ ಅಳತೆಗೆ ಸಾಕು ಎಂದು ಅರ ಕೆಳಗಿಟ್ಟನೋ ಅದೇ ಅಳತೆಯಲ್ಲಿ ಅವು ಉಳಿಯಬೇಕಿತ್ತು, ಅಷ್ಟೇ. ಅದನ್ನು ಕಾನೂನಿನ ಮಾತಿನಲ್ಲಿ ಹೇಗೆ ಬರೆಯುವುದೆಂದು ತಿಳಿಯದೆ ಇನ್ಸ್‌ಪೆಕ್ಟರ್ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದರು.