ಕಷಾಯ ಸೋತ ದಿನ

ಅವಳನ್ನು ಕಂಡದ್ದೇ ತಡ, ಅವನು ಕಾರಿಡಾರಿನಲ್ಲಿ ಗಕ್ಕನೆ ಹಿಂದಕ್ಕೆ ತಿರುಗಿಬಿಟ್ಟ!

"ಡಾಕ್ಟ್ರೇ, ನಿಂತ್ಕೊಳ್ಳಿ!"

ನಿಂತ. ಆದರೆ ಮುಖ ಗೋಡೆ ಕಡೆಗೆ.

ಅಳಬೇಕೋ ಬೈಯಬೇಕೋ ಅವಳಿಗೆ ತಿಳಿಯಲಿಲ್ಲ. ಎರಡಕ್ಕೂ ಮೈಯಲ್ಲಿ ತ್ರಾಣವಿರಲಿಲ್ಲ, ಪಾಪ. ಚಳಿಗಾಲ ಪೂರ್ತಿ ಲ್ಯಾಬಿನಲ್ಲಿ ಇಲಿಗಳ ಪಂಜರ ತೊಳೆದು, ತೂಕ ನೋಡಿ, ಕರುಳು ಊದಿ ರಕ್ತ ಹೋಗುತ್ತಿದ್ದ ಆ ಜೀವಗಳಿಗೆ ಅಜ್ಜಿಯ ದಾಳಿಂಬೆ ಸಿಪ್ಪೆಯ ಕಷಾಯ ಕುಡಿಸಿ ಹಣ್ಣಾಗಿದ್ದಳು. ಅಜ್ಜಿ ಅದರಿಂದಲೇ ಎಷ್ಟೋ ಕರುಗಳ ಹೊಟ್ಟೆ ವಾಸಿ ಮಾಡಿದ್ದಳು. "ನಾನು ಕಣ್ಣು ಮುಚ್ಚೋದ್ರೊಳಗೆ ಇದು ನಿಜ ಅಂತ ತೋರಿಸ್ತೀಯೇನೇ?" ಎಂದು ಕೇಳಿದ್ದಳು.

ಅವನು ಅದೇ ಲ್ಯಾಬಿನ ಡಾಕ್ಟರು. ಇಲಿಗಳ ಕರುಳಿನ ತೆಳು ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಊತ ಎಷ್ಟಿದೆಯೆಂದು ಅಂಕ ಹಾಕುವವನು. ಯಾವ ಇಲಿ ಕಷಾಯ ಕುಡಿದಿದೆ, ಯಾವುದು ಬರೀ ನೀರು ಕುಡಿದಿದೆ ಎನ್ನುವುದು ಅವನಿಗೆ ಗೊತ್ತಿರಬಾರದು. ನಿಯಮ ಅಷ್ಟೇ. ಮಾತು ಬಿಡಬೇಕೆಂದು ಯಾವ ನಿಯಮವೂ ಇರಲಿಲ್ಲವಲ್ಲ! ದಿನಾ ಜೊತೆಗೆ ಟೀ ಕುಡಿಯುತ್ತಿದ್ದವನು ಪ್ರಯೋಗ ಶುರುವಾದಾಗಿನಿಂದ ಅವಳನ್ನು ಕಂಡರೆ ಓಡುತ್ತಿದ್ದ.

ಇವತ್ತು ಲ್ಯಾಬಿನ ಮುಖ್ಯಸ್ಥೆ ಮೇಡಂ, ಯಾವ ಇಲಿ ಏನು ಕುಡಿದಿತ್ತು ಎನ್ನುವ ಗುಟ್ಟು ಬಿಚ್ಚಿ ಅವನ ಅಂಕಗಳನ್ನು ಹೋಲಿಸಿದ್ದರು. ಕಷಾಯ ಕುಡಿದ ಇಲಿಗಳಿಗೂ ನೀರು ಕುಡಿದವಕ್ಕೂ ಏನೇನೂ ವ್ಯತ್ಯಾಸವಿಲ್ಲ...

"ನನ್ನ ಕಷಾಯ ಸೋತುಹೋಯ್ತು. ಸಮಾಧಾನ ಆಯ್ತಾ? ನನ್ನ ಕಂಡ್ರೆ ಅಷ್ಟೊಂದು ಆಗಲ್ವಾ ನಿಮಗೆ?"

ಅವನು ತಟ್ಟನೆ ತಿರುಗಿದ. "ಗುಟ್ಟು ಬಿಚ್ಚಿದ್ರಾ? ಹಾಗಾದ್ರೆ ಇನ್ನು ನಿಮ್ಮ ಮುಖ ನೋಡಬಹುದಾ?"

"ಅಂದ್ರೆ?"

"ನಿಮ್ಮ ಹೊಟ್ಟೇಲಿ ಒಂದು ಮಾತೂ ನಿಲ್ಲಲ್ರೀ! ಕಷಾಯ ಕುಡಿದ ಇಲಿ ಒಂದು ಕಾಳು ಹೆಚ್ಚು ತಿಂದ್ರೂ ಮುಖ ಅರಳುತ್ತೆ. ಟೀ ಕುಡೀತಾ 'ಏಳನೇ ಪಂಜರದ್ದು ಇವತ್ತು ಚೆನ್ನಾಗಿದೆ' ಅಂದುಬಿಡ್ತೀರಿ. ನನಗೆ ಎಲ್ಲಾ ಗೊತ್ತಾಗಿಬಿಡ್ತಿತ್ತು."

"ಗೊತ್ತಾದ್ರೆ ಏನಾಗ್ತಿತ್ತು?"

"ಗೆಲ್ಲಿಸಿಬಿಡ್ತಿದ್ದೆ. ನಿಮ್ಮ ಕಣ್ಣಲ್ಲಿ ನೀರು ನೋಡೋ ಧೈರ್ಯ ನನಗಿಲ್ಲ. ಸುಳ್ಳು ಅಂಕ ಹಾಕಿಬಿಡ್ತಿದ್ದೆ... ಅಷ್ಟು ಇಷ್ಟ ನೀವಂದ್ರೆ."

ದೇವರೇ! ಕೋಪಕ್ಕಲ್ಲ, ಪ್ರೀತಿಗೆ ಹೆದರಿ ಓಡುತ್ತಿದ್ದನೇ ಈ ಮಹಾರಾಯ?

ಅವಳು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು ಅತ್ತುಬಿಟ್ಟಳು. ಇಷ್ಟು ದಿನದ ದಣಿವು, ಸೋಲು, ಸಂತೋಷ ಎಲ್ಲಾ ಒಟ್ಟಿಗೇ ಹರಿಯಿತು. ಅವನು ಪಕ್ಕದಲ್ಲಿ ಕೂತ. ಅವಳು ಬಳಲಿದ ತಲೆಯನ್ನು ಅವನ ಹೆಗಲಿಗೆ ಒರಗಿಸಿದಳು.

"ಅಜ್ಜಿಗೆ ಏನಂತ ಹೇಳ್ಲಿ? ಕಾಯ್ತಾ ಕೂತಿರ್ತಾಳೆ..."

"ಇಬ್ರೂ ಹೋಗೋಣ. ಕಷಾಯದ ವಿಷಯ ನೀವು ಹೇಳಿ."

"ನೀವು?"

"ನಾನು ನಮ್ಮಿಬ್ಬರ ವಿಷಯ ಹೇಳ್ತೀನಿ. ಒಂದಾದ್ರೂ ಒಳ್ಳೆ ಸುದ್ದಿ ಇರ್ಲಿ ಅಜ್ಜಿಗೆ."