ಎರಡು ಲ್ಯಾಪ್ ಜಾಸ್ತಿ

ಅವನನ್ನು ಮೊದಲ ಸಲ ಹತ್ತಿರದಿಂದ ನೋಡಿದ ದಿನವೇ ನಾನು ಅವನನ್ನು ನೂರು ಮೀಟರ್ ಸುಮ್ಮಸುಮ್ಮನೆ ಈಜಿಸಿದ್ದೆ.

ನಾನು ಈಜುಕೊಳದ ಟಿಕೆಟ್ ಕೌಂಟರ್‌ನವಳು. ನೀರೆಂದರೆ ನನಗೆ ಪ್ರಾಣಭಯ; ಬಕೆಟ್ಟಿನಲ್ಲಿದ್ದರೆ ಮಾತ್ರ ನಂಬಿಕೆ. ಆವತ್ತು ಚಾಂಪಿಯನ್‌ಶಿಪ್ಪಿನ ಸಾವಿರದೈನೂರು ಮೀಟರ್ ಫೈನಲ್. ಲ್ಯಾಪ್ ಎಣಿಸಬೇಕಾದವರಿಗೆ ಜ್ವರ. ಕೋಚ್ ಸರ್ ಓಡಿ ಬಂದು ನನ್ನ ಕೈಗೆ ನಂಬರ್ ಬೋರ್ಡ್ ತುರುಕಿದರು.

"ಈ ತುದಿಯಿಂದ ಆ ತುದಿಗೆ ಹೋದ್ರೆ ಒಂದು ಲ್ಯಾಪ್, ಒಟ್ಟು ಮೂವತ್ತು. ನೀನು ಆಚೆ ತುದೀಲಿ ಕೂತ್ಕೋ. ನಮ್ಮ ಹುಡುಗ ಬಂದು ತಿರುಗೋವಾಗೆಲ್ಲ ಇನ್ನೆಷ್ಟು ಬಾಕಿ ಅಂತ ತೋರಿಸು. ದಿನಾ ಟಿಕೆಟ್ ಎಣಿಸೋಳಿಗೆ ಇದೇನು ಮಹಾ!"

ಎಣಿಸುವುದು ಮಹಾ ಅಲ್ಲ. ನೀರು ಸೀಳಿಕೊಂಡು ನನ್ನ ಕಡೆಗೇ ಬರುತ್ತಿದ್ದ ಆ ಭುಜಗಳನ್ನು ನೋಡದೆ ಎಣಿಸುವುದಿದೆಯಲ್ಲ, ಅದು ಮಹಾ. ಒಂದು ಸಲ ಬೋರ್ಡ್ ಬದಲಿಸುವುದನ್ನೇ ಮರೆತೆ. ಕೊನೆಯಲ್ಲಿ 'ಒಂದು' ಇರಬೇಕಾದಲ್ಲಿ ನನ್ನ ಕೈಯಲ್ಲಿ 'ಮೂರು' ಇತ್ತು.

ಅವನು ಎಲ್ಲರಿಗಿಂತ ಮೊದಲು ಗೋಡೆ ಮುಟ್ಟಿದ. ಹೊಸ ರೆಕಾರ್ಡ್. ಚಪ್ಪಾಳೆಯೋ ಚಪ್ಪಾಳೆ. ಪುಣ್ಯಾತ್ಮ ನಿಲ್ಲಲೇ ಇಲ್ಲ, ತಿರುಗಿ ಮತ್ತೆ ಹೊರಟ! "ಮುಗೀತು ಕಣೋ, ನಿಲ್ಲೋ!" ಎಂದು ಕೋಚ್ ಸರ್ ಕೊಳದ ಉದ್ದಕ್ಕೂ ಕೂಗುತ್ತಾ ಓಡಿದರು. ಅವನು ನನ್ನ ತುದಿಗೆ ಬಂದು, ಗಾಗಲ್ಸ್ ಮೇಲೆತ್ತಿ, ನಾನು ಆಗಷ್ಟೇ ಬದಲಿಸಿ ಹಿಡಿದಿದ್ದ 'ಒಂದು' ನೋಡಿದ, ನನ್ನ ಮುಖ ನೋಡಿದ, ಹಲ್ಲು ಬಿಟ್ಟು ನಕ್ಕು ವಾಪಸ್ ಈಜಿದ.

ಗೆದ್ದ ಖುಷಿಯಲ್ಲಿ ಚಾಂಪಿಯನ್‌ಗೆ ತಲೆ ಕೆಟ್ಟಿದೆ ಎಂದು ಜನ ಬಿದ್ದು ಬಿದ್ದು ನಕ್ಕರು. ನನ್ನ ಬೋರ್ಡಿನ ಕಡೆ ಯಾರೂ ನೋಡಲಿಲ್ಲ. ನನಗೆ ಮಾತ್ರ ಮುಖ ಎಲ್ಲಿ ಇಟ್ಟುಕೊಳ್ಳುವುದೋ ತಿಳಿಯಲಿಲ್ಲ.

ಮಾರನೇ ಬೆಳಿಗ್ಗೆ ಕೌಂಟರಿನ ಕಿಂಡಿಯಲ್ಲಿ ಒಂದು ಒದ್ದೆ ತಲೆ ಕಾಣಿಸಿತು.

"ಲೆಕ್ಕ ಮೇಡಂ, ಒಂದು ಟಿಕೆಟ್ ಕೊಡಿ."

"ನಿಮಗ್ಯಾಕೆ ಟಿಕೆಟ್ಟು? ಪಾಸ್ ಇದೆಯಲ್ಲ."

"ಈಜೋಕಲ್ಲ, ನಿಮ್ಮನ್ನ ಬೈಯೋಕೆ."

"ಸರಿ, ಬೈದುಬಿಡಿ."

ಅವನು ಬಗ್ಗಿ ಒಳಗೆ ನೋಡಿದ. ಗಾಗಲ್ಸ್ ಒತ್ತಿದ ಗುರುತು ಕಣ್ಣುಗಳ ಸುತ್ತ ಉಂಗುರದ ಹಾಗೆ ಉಳಿದಿತ್ತು. ರೆಪ್ಪೆಯ ಮೇಲಿದ್ದ ಒಂದು ಹನಿ ಬೀಳಲೋ ಬೇಡವೋ ಅನ್ನುತ್ತಿತ್ತು.

"ಅಯ್ಯೋ, ಏನು ಬೈಬೇಕು ಅಂತಾನೇ ಮರೆತೋಯ್ತು. ನಾಳೆ ಬರ್ತೀನಿ."

ಮರುದಿನವೂ ಮರೆತ. ಹಾಗೇ ಆರು ತಿಂಗಳು ಮರೆತ. ಆ ಆರು ತಿಂಗಳಲ್ಲಿ ಅವನ ಕಥೆಯೆಲ್ಲ ಆ ಕಿಂಡಿಯಿಂದಲೇ ಒಳಗೆ ಬಂತು. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ತೀರಿಹೋಗಿದ್ದರು. ಬಟ್ಟೆ ಹೊಲಿದು ಸಾಕಿದ ಅಕ್ಕ, ಏಳು ವರ್ಷದವನ ತುಂಟಾಟ ತಡೆಯಲಾರದೆ ಈಜು ಕಲಿಯಲು ಹಾಕಿದ್ದರು. ಅವನ ಮೆಡಲುಗಳೆಲ್ಲ ಈಗಲೂ ಅವರ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ, ದಾರದ ಉಂಡೆಗಳ ಜೊತೆಗೆ ಇರುತ್ತಿದ್ದವು.

ಆಮೇಲೊಂದು ದಿನ ಪ್ರ್ಯಾಕ್ಟೀಸ್ ನಡುವೆ ಹತ್ತನೇ ಲ್ಯಾಪಿನಲ್ಲಿ ಅವನು ಲೇನ್ ನಡುವಿನ ಹಗ್ಗ ಹಿಡಿದು ನಿಂತುಬಿಟ್ಟ. ಹೃದಯದ ಸ್ನಾಯುವಿಗೇ ಕಾಯಿಲೆ ಎಂದರು ಡಾಕ್ಟರು. ಇನ್ನು ಈಜುವಂತಿಲ್ಲ. ಹುಷಾರಾಗಿದ್ದರೂ ಬದುಕುವುದು ಒಂದು ವರ್ಷ.

ಅವನು ಕಿಂಡಿಯ ಕಡೆ ಬರುವುದನ್ನೇ ನಿಲ್ಲಿಸಿದ. ಹದಿನೈದು ದಿನ ನೋಡಿ, ನಾನೇ ಅವರ ಮನೆಗೆ ಹೋದೆ. ಅಕ್ಕ ತಲೆ ಎತ್ತದೆ ಮೆಷಿನ್ ತುಳಿಯುತ್ತಿದ್ದರು. ಅವನು ಕಿಟಕಿಯ ಪಕ್ಕ ಕೂತಿದ್ದ.

"ಬೋರ್ಡಲ್ಲಿ 'ಒಂದು' ಬಂದಾಯ್ತು, ಲೆಕ್ಕ ಮೇಡಂ. ನೀವು ಹೊರಡಿ."

"ಬೋರ್ಡ್ ಹಿಡಿಯೋಳು ನಾನು. ನಾನಿನ್ನೂ ತೋರಿಸಿಲ್ಲ."

"ತಮಾಷೆ ಅಲ್ಲ. ಡಾಕ್ಟರು ಹನ್ನೆರಡು ತಿಂಗಳು ಅಂದಿದ್ದಾರೆ."

"ಅವರಿಗೆ ಸರಿಯಾಗಿ ಎಣಿಸೋಕೆ ಬರುತ್ತೆ. ನನಗೆ ಬರಲ್ಲ ಅಂತ ನಿಮಗೇ ಗೊತ್ತು. ನನ್ನ ಮದುವೆ ಆಗಿ."

ಮೆಷಿನ್ ನಿಂತಿತು. "ಹುಚ್ಚಿ," ಎಂದರು ಅಕ್ಕ. "ನಿನ್ನ ಬದುಕು ನೋಡ್ಕೋ, ತಾಯಿ."

"ನೋಡ್ಕೊಳ್ಳೋಕೇ ಬಂದಿದೀನಿ ಅಕ್ಕಾ. ಕಿಟಕಿ ಪಕ್ಕ ಕೂತಿದೆ."

ಅವನು ನಕ್ಕ. ನಗುತ್ತಲೇ ಮುಖ ಮುಚ್ಚಿಕೊಂಡ. ಮುಂದಿನ ತಿಂಗಳು ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿದೆವು. ಕೋಚ್ ಸರ್ ಸಾಕ್ಷಿ.

ಸೊಂಟದುದ್ದ ನೀರಿನಲ್ಲಿ ನಿಲ್ಲುವುದಕ್ಕೆ ಡಾಕ್ಟರು ಒಪ್ಪಿದ್ದರು. ಹಾಗಾಗಿ ಅವನು ನನಗೆ ಈಜು ಕಲಿಸಲು ಹೊರಟ. ನಾನು ಅಂಗಾತ ಮಲಗಿ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದೆ, ಬೆನ್ನ ಕೆಳಗೆ ಅವನ ಅಂಗೈ.

"ಬಿಡಬೇಡ."

"ಇಲ್ಲ."

"ಬಿಟ್ಟೀಯ ಮತ್ತೆ, ಕೊಂದುಬಿಡ್ತೀನಿ."

"ಬಿಟ್ಟು ಎಷ್ಟೊತ್ತಾಯ್ತು ಮಾರಾಯ್ತಿ. ತೇಲ್ತಾ ಇದೀಯ."

ಕಣ್ಣು ಬಿಟ್ಟೆ. ಅವನು ನಾಲ್ಕು ಹೆಜ್ಜೆ ಆಚೆ ಎರಡೂ ಕೈ ಮೇಲೆತ್ತಿ ನಿಂತಿದ್ದ. ಮುಳುಗಿ, ನೀರು ಕುಡಿದು, ಅವನನ್ನೇ ತಬ್ಬಿಕೊಂಡು ಬೈದೆ. ಅಷ್ಟು ಸಂತೋಷವಾಗಿ ನಾನು ಯಾರನ್ನೂ ಬೈದಿಲ್ಲ. ಮುಂದೆ ನಾನು ಈ ತುದಿಯಿಂದ ಆ ತುದಿಗೆ ಈಜುವಾಗ ಅವನೇ ಬೋರ್ಡ್ ಹಿಡಿದು ಕೂರುತ್ತಿದ್ದ.

ಹನ್ನೆರಡು ತಿಂಗಳು ದಾಟಿತು. ಹದಿಮೂರನೆಯದರಲ್ಲಿ ಅವನಿಗೆ ಮೆಟ್ಟಿಲು ಇಳಿಯಲೂ ಆಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಹಾಸಿಗೆಯಲ್ಲಿ ದಿಂಬಿಗೆ ಒರಗಿ, ನನ್ನ ಬೆರಳು ಒಂದೊಂದಾಗಿ ಮಡಚುತ್ತಾ ಹೇಳಿದ.

"ಒಂದು ನಿಜ ಹೇಳ್ಲಾ? ಬೈಬಾರ್ದು. ಏಳನೇ ವಯಸ್ಸಿನಿಂದ ನೀರಲ್ಲೇ ಬೆಳೆದೋನಿಗೆ ಮೂವತ್ತು ಎಣಿಸೋಕೆ ಬರಲ್ವೇನೇ?"

ನಾನು ಅವನ ಮುಖವನ್ನೇ ನೋಡಿದೆ. "ಗೊತ್ತಿತ್ತಾ? ಮತ್ತೆ ಯಾಕೆ ಈಜಿದೆ?"

"ನಿಂತುಬಿಟ್ಟಿದ್ರೆ 'ಮೂರು' ಹಿಡಿದು ಕೂತಿದ್ದ ನಿನ್ನ ಎಲ್ಲರೂ ನೋಡ್ತಿದ್ರು. ನಾನು ಹೊರಟೆ, ಎಲ್ಲರೂ ನನ್ನ ನೋಡಿದ್ರು." ಉಸಿರಿಗಾಗಿ ಸ್ವಲ್ಪ ನಿಲ್ಲಿಸಿದ. "ಮತ್ತೆ, ಆ ಮುಖ ಇನ್ನೊಂದ್ಸಲ ಹತ್ತಿರದಿಂದ ನೋಡ್ಬೇಕಿತ್ತು."

ನಾನು ಇನ್ನೊಂದು ಕೈಯಿಂದ ಅವನ ದಿಂಬು ಸರಿಮಾಡಿದೆ.

"ಹುಟ್ಟಿದಾಗಿಂದ ಎಷ್ಟೋ ಈಜಿದೀನಿ. ಅವೆರಡು ಲ್ಯಾಪಿನಷ್ಟು ಖುಷಿ ಯಾವುದರಲ್ಲೂ ಆಗಿಲ್ಲ. ಯಾರನ್ನೂ ಸೋಲಿಸ್ಬೇಕಾಗಿರ್ಲಿಲ್ಲ. ಸುಮ್ನೆ ನಿನ್ನ ಹತ್ರ ಬರೋದು." ನನ್ನ ಬೆರಳುಗಳನ್ನೆಲ್ಲ ಮುಷ್ಟಿ ಮಾಡಿ ತನ್ನ ಅಂಗೈಯಲ್ಲಿ ಮುಚ್ಚಿದ. "ಈಗಲೂ ಆ ಜಾಸ್ತಿ ಲ್ಯಾಪೇ ನಡೀತಿರೋದು. ಅಳ್ಬೇಡ. ಗೊತ್ತಿದ್ದೇ ಈಜ್ತಿದೀನಿ."

ಹದಿನಾಲ್ಕನೇ ತಿಂಗಳ ಕೊನೆಯ ವಾರ, ಹೊತ್ತೇರಿದ ಮೇಲೆ, ನನ್ನ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದವನು ಮತ್ತೆ ಏಳಲಿಲ್ಲ. ಅವನಿಗೆ ಇಪ್ಪತ್ತೇಳು. ಆ ದಿನ ಅಕ್ಕ ಮೆಷಿನ್ನಿನ ಡ್ರಾಯರ್ ತೆರೆದು ಮೆಡಲುಗಳನ್ನೆಲ್ಲ ತೆಗೆದು, ಒಂದೊಂದನ್ನೂ ಸೆರಗಿನಿಂದ ಒರೆಸುತ್ತಾ ಕೂತಿದ್ದರು.

ನಾನು ಈಗಲೂ ಅದೇ ಕೌಂಟರಿನಲ್ಲಿದ್ದೇನೆ. ಬೆಳಿಗ್ಗೆ ಕಿಂಡಿ ತೆರೆಯುವ ಮೊದಲು ಕೊಳಕ್ಕೆ ಇಳಿಯುತ್ತೇನೆ. ನಾಲ್ಕು ಲ್ಯಾಪ್ ಆಗುವಷ್ಟರಲ್ಲಿ ನನಗೆ ಸುಸ್ತು. "ಸಾಕು ಬಾಮ್ಮ, ನಾಲ್ಕಾಯ್ತು," ಎಂದು ಕೋಚ್ ಸರ್ ದಡದಿಂದ ಕೂಗುತ್ತಾರೆ.

ಕೇಳಿಸುತ್ತದೆ. ಆದರೂ ತಿರುಗಿ ಇನ್ನೆರಡು ಈಜುತ್ತೇನೆ, ಗೊತ್ತಿದ್ದೇ.